ಪದಪಟ್ಟಿ ಬಾಯಿಪಾಠವಾಗಿದೆ, ಅಂಕ ಏಕೆ ಬರುತ್ತಿಲ್ಲ?

ಪ್ರಶ್ನೆ: ಕೇಂಬ್ರಿಜ್‌ನ ಸಿ1 ಅಡ್ವಾನ್ಸ್‌ಡ್ ಎಂಬ ಉನ್ನತ ಮಟ್ಟದ ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದೇನೆ. ಕಠಿಣ ಪದಗಳ ಪಟ್ಟಿಯನ್ನು ದಿನವೂ ಬಾಯಿಪಾಠ ಮಾಡುತ್ತೇನೆ, ವ್ಯಾಕರಣದ ನಿಯಮಗಳೂ ಹೆಚ್ಚುಕಡಿಮೆ ಗೊತ್ತಿವೆ. ಆದರೂ ಮಾದರಿ ಪ್ರಶ್ನೆಪತ್ರಿಕೆಯ 'ಯೂಸ್ ಆಫ್ ಇಂಗ್ಲಿಷ್' (ಭಾಷಾಬಳಕೆ) ಭಾಗದಲ್ಲಿ ಅರ್ಧದಷ್ಟು ಉತ್ತರಗಳು ತಪ್ಪುತ್ತಿವೆ. ನಾನು ಅಭ್ಯಾಸ ಮಾಡುವ ಕ್ರಮದಲ್ಲೇ ದೋಷವಿದೆಯೇ?

ಉತ್ತರ: ದೋಷವಿರುವುದು ಕ್ರಮದಲ್ಲಿಯೇ, ಶ್ರಮದಲ್ಲಿ ಅಲ್ಲ. ನೀವು ಪದಗಳನ್ನು ಒಂದು ಕಡೆ, ವ್ಯಾಕರಣವನ್ನು ಇನ್ನೊಂದು ಕಡೆ ಇಟ್ಟು ಕಲಿಯುತ್ತಿದ್ದೀರಿ. ಈ ಹಂತದ ಪರೀಕ್ಷೆಯು ಅವೆರಡೂ ಕೂಡುವ ಜಾಗದಲ್ಲಿ ನಿಂತು ಪ್ರಶ್ನೆ ಕೇಳುತ್ತದೆ. ಒಂದು ಪದದ ಅರ್ಥವೇನು ಎಂದು ಅದು ಎಲ್ಲಿಯೂ ಕೇಳುವುದಿಲ್ಲ. ಆ ಪದ ಯಾವ ಪದದ ಜೊತೆ ಸೇರುತ್ತದೆ, ಅದರ ಹಿಂದೆ ಮುಂದೆ ಏನು ಬರಬೇಕು, ವಾಕ್ಯವನ್ನು ಮಗುಚಿ ಹಾಕಿದರೆ ಅದು ಯಾವ ರೂಪ ತಾಳುತ್ತದೆ ಎಂಬುದನ್ನಷ್ಟೇ ಕೇಳುತ್ತದೆ.

ಮೊದಲು ಪ್ರಶ್ನೆಪತ್ರಿಕೆಯ ಸ್ವರೂಪವನ್ನು ನೋಡಿಬಿಡೋಣ. ಓದು ಮತ್ತು ಭಾಷಾಬಳಕೆ ಎರಡೂ ಸೇರಿದ ಈ ಪತ್ರಿಕೆಗೆ 90 ನಿಮಿಷಗಳು, 8 ಭಾಗಗಳು, 56 ಪ್ರಶ್ನೆಗಳು. ಮೊದಲ ನಾಲ್ಕು ಭಾಗಗಳು ಪದ ಮತ್ತು ವ್ಯಾಕರಣಕ್ಕೆ ಮೀಸಲು: ನಾಲ್ಕು ಆಯ್ಕೆಗಳಿಂದ ಒಂದನ್ನು ಆರಿಸಿ ಬಿಟ್ಟ ಸ್ಥಳ ತುಂಬುವ 8 ಪ್ರಶ್ನೆಗಳು, ಆಯ್ಕೆಗಳಿಲ್ಲದೆ ಒಂದೊಂದೇ ಪದ ತುಂಬುವ 8, ಕೊಟ್ಟ ಮೂಲಪದದಿಂದ ಹೊಸ ಪದ ಕಟ್ಟುವ 8, ಒಂದು ವಾಕ್ಯದ ಅರ್ಥವನ್ನು ಉಳಿಸಿಕೊಂಡು ಅದನ್ನು ಬೇರೆ ರೀತಿಯಲ್ಲಿ ಬರೆಯುವ 6. ಈ ನಾಲ್ಕು ಭಾಗಗಳಲ್ಲಿ ಕೊನೆಯ ಆರಕ್ಕೆ ತಲಾ 2 ಅಂಕ, ಉಳಿದವಕ್ಕೆ ತಲಾ 1. ಒಟ್ಟು ಫಲಿತಾಂಶವನ್ನು ಓದು, ಭಾಷಾಬಳಕೆ, ಬರವಣಿಗೆ, ಆಲಿಸುವಿಕೆ, ಮಾತು ಎಂಬ ಐದರ ಸರಾಸರಿಯಾಗಿ ಕೊಡುತ್ತಾರೆ; ಕೇಂಬ್ರಿಜ್‌ನದೇ ಅಳತೆಗೋಲಿನಲ್ಲಿ ಆ ಸರಾಸರಿ 180 ಮುಟ್ಟಿದರೆ ಸಿ1 ಮಟ್ಟ ದೊರೆಯುತ್ತದೆ. ಆದ್ದರಿಂದ ನಿಮ್ಮನ್ನು ಕಾಡುತ್ತಿರುವ ಭಾಗದ ತೂಕ ಐದರಲ್ಲಿ ಒಂದು ಪಾಲು, ಅಷ್ಟೆ. ಆದರೂ ಇಲ್ಲಿ ಗಳಿಸಿದ ಹಿಡಿತ ಉಳಿದ ನಾಲ್ಕಕ್ಕೂ ಒದಗುತ್ತದೆಯಾದ್ದರಿಂದ ಇದರ ಮೇಲೆ ಹೆಚ್ಚು ಹೊತ್ತು ಕಳೆಯುವುದು ವ್ಯರ್ಥವಲ್ಲ.

ಈಗ ಪದಗಳ ವಿಷಯ. ಕನ್ನಡದಲ್ಲಿ ಮಳೆ ಸುರಿಯುತ್ತದೆ, ಗಾಳಿ ಬೀಸುತ್ತದೆ. ಗಾಳಿ ಸುರಿಯಿತು ಎಂದು ಯಾರೂ ಹೇಳುವುದಿಲ್ಲ, ಹೇಳಬಾರದು ಎಂಬ ನಿಯಮವನ್ನೂ ಯಾರೂ ನಮಗೆ ಕಲಿಸಿಲ್ಲ. ಕನಸನ್ನು ಕಾಣುತ್ತೇವೆ, ಪ್ರಮಾಣವನ್ನು ಮಾಡುತ್ತೇವೆ, ಮಾತನ್ನು ಆಡುತ್ತೇವೆ. ಇಂಗ್ಲಿಷಿನಲ್ಲಿಯೂ ಪದಗಳಿಗೆ ಇಂಥದೇ ಒಡನಾಟವಿದೆ. 'ಡ್ರಾ' ಮತ್ತು 'ಪುಲ್' ಎರಡಕ್ಕೂ ಎಳೆಯುವುದು ಎಂಬ ಅರ್ಥವಿದ್ದರೂ 'ಕನ್‌ಕ್ಲೂಷನ್' ಜೊತೆ 'ಡ್ರಾ' ಮಾತ್ರ ಹೊಂದುತ್ತದೆ. ಮಳೆ ಜೋರಾಗಿದ್ದರೆ 'ಹೆವಿ ರೇನ್', ಗಾಳಿ ಜೋರಾಗಿದ್ದರೆ 'ಸ್ಟ್ರಾಂಗ್ ವಿಂಡ್'. ಮೊದಲ ಭಾಗದ ನಾಲ್ಕು ಆಯ್ಕೆಗಳು ಬಹುತೇಕ ಸಮಾನಾರ್ಥಕಗಳೇ ಆಗಿರುವುದರಿಂದ ಅರ್ಥವನ್ನು ಮಾತ್ರ ಬಲ್ಲವನಿಗೆ ನಾಲ್ಕೂ ಸರಿಯಾಗಿಯೇ ಕಾಣುತ್ತವೆ; ಪಟ್ಟಿಯ ಕಂಠಪಾಠ ಕೈಕೊಡುವುದು ಇಲ್ಲಿಯೇ. ಕೆಲವೊಮ್ಮೆ ಪದದ ವ್ಯಾಕರಣವೇ ಆಯ್ಕೆಯನ್ನು ತೀರ್ಮಾನಿಸುತ್ತದೆ. ಪ್ರಶ್ನೆ ತಾನಾಗಿ ಎದ್ದರೆ 'ಅರೈಸ್', ಯಾರೋ ಎತ್ತಿದರೆ 'ರೇಸ್'. ಏಳು ಮತ್ತು ಎಬ್ಬಿಸು, ಏರು ಮತ್ತು ಏರಿಸು ಎಂಬ ಜೋಡಿಗಳನ್ನು ದಿನವೂ ಬಳಸುವ ಕನ್ನಡಿಗರಿಗೆ ಈ ವ್ಯತ್ಯಾಸ ಹೊಸದೇನಲ್ಲ, ಅದನ್ನು ಇಂಗ್ಲಿಷಿನಲ್ಲಿ ಹುಡುಕುವ ಅಭ್ಯಾಸ ನಮಗೆ ಇಲ್ಲ, ಅಷ್ಟೆ.

ಹೀಗಾಗಿ ಟಿಪ್ಪಣಿ ಪುಸ್ತಕದಲ್ಲಿ ಒಂಟಿ ಪದವನ್ನು ಬರೆಯುವುದನ್ನು ಇಂದಿನಿಂದಲೇ ನಿಲ್ಲಿಸಿ. ಪದವನ್ನು ಅದರ ಸಂಗಾತಿಯ ಜೊತೆ, ಸಾಧ್ಯವಾದರೆ ಇಡೀ ವಾಕ್ಯದೊಳಗೆ ಬರೆದುಕೊಳ್ಳಿ. ಇದಕ್ಕೆ ಇಂಗ್ಲಿಷ್-ಕನ್ನಡ ನಿಘಂಟು ಸಾಲದು. ಕಲಿಯುವವರಿಗಾಗಿಯೇ ಇಂಗ್ಲಿಷಿನಲ್ಲಿ ಸಿದ್ಧಪಡಿಸಿದ, ಪ್ರತಿ ಅರ್ಥಕ್ಕೂ ಉದಾಹರಣೆ ವಾಕ್ಯ ಕೊಡುವ ನಿಘಂಟು ಬೇಕು. ಅಪರೂಪದ, ಉದ್ದುದ್ದ ಪದಗಳ ಮೋಹವನ್ನೂ ಬಿಡುವುದು ಒಳ್ಳೆಯದು. ಈ ಪರೀಕ್ಷೆಯಲ್ಲಿ ಜನ ಎಡವುವುದು ನಿಘಂಟಿನ ಮೂಲೆಯಲ್ಲಿ ಅಡಗಿದ ಪದಗಳಿಗಿಂತ ಹೆಚ್ಚಾಗಿ 'ಟೇಕ್', 'ಕಮ್', 'ಪುಟ್', 'ಸೆಟ್' ಎಂಬ ಚಿಕ್ಕ ಪದಗಳ ಹತ್ತಾರು ಬಳಕೆಗಳಲ್ಲಿ.

ಎರಡನೆಯ ಭಾಗ ನಮಗೆ ಹೆಚ್ಚು ಕಷ್ಟವಾಗುವುದಕ್ಕೆ ನಮ್ಮ ಭಾಷೆಯ ರಚನೆಯೇ ಒಂದು ಕಾರಣ. 'ನಾನು ನೋಡಿದ ಮನೆ' ಎನ್ನುವಾಗ 'ನೋಡಿದ' ಎಂಬ ಕೃದಂತವೇ ಸಂಬಂಧವನ್ನು ಹೊರುತ್ತದೆ. ಇಂಗ್ಲಿಷ್ ಅಲ್ಲಿ 'ವಿಚ್' ಅಥವಾ 'ದಟ್' ತರಬಹುದು, 'ನಾನು ಹುಟ್ಟಿದ ಮನೆ' ಎನ್ನಬೇಕಾದರೆ 'ಇನ್ ವಿಚ್' ಅಥವಾ 'ವೇರ್' ತರಬೇಕು, ಇಲ್ಲವೇ ಕೊನೆಯಲ್ಲಿ 'ಇನ್' ಉಳಿಸಿಕೊಳ್ಳಬೇಕು. ನಮ್ಮ ವಿಭಕ್ತಿ ಪ್ರತ್ಯಯಗಳು ಪದದ ಬಾಲಕ್ಕೆ ಅಂಟಿಕೊಂಡಿರುತ್ತವೆ, ಅವರ 'ಆನ್', 'ಅಟ್', 'ಫ್ರಮ್' ಪದದ ಮುಂದೆ ಬೇರೆಯಾಗಿ ನಿಲ್ಲುತ್ತವೆ. ಇನ್ನು 'ಎ', 'ದ' ಎಂಬ ಆರ್ಟಿಕಲ್‌ಗಳಿಗೆ ಕನ್ನಡದಲ್ಲಿ ಸರಿಸಾಟಿಯೇ ಇಲ್ಲ. ಒಂದು ವಿಷಯದ ಬಗ್ಗೆ ಚರ್ಚಿಸುವ ನಮಗೆ 'ಡಿಸ್ಕಸ್' ನಂತರ 'ಅಬೌಟ್' ಹಾಕದಿದ್ದರೆ ಏನೋ ಕೊರತೆಯಾದಂತೆ ಅನ್ನಿಸುತ್ತದೆ, ಆದರೆ ಹಾಕಿದರೆ ತಪ್ಪು. ಇಂಥ ಸಣ್ಣ ಪದಗಳನ್ನು ನಮ್ಮ ಕಣ್ಣು ಓದುವಾಗ ಹಾರಿಸಿಬಿಡುತ್ತದೆ, ಏಕೆಂದರೆ ಅವಿಲ್ಲದೆಯೂ ಅರ್ಥ ಆಗಿಯೇ ಆಗುತ್ತದೆ. ಎಷ್ಟು ಓದಿದರೂ ವ್ಯಾಕರಣ ಸುಧಾರಿಸುತ್ತಿಲ್ಲ ಎಂಬ ದೂರಿನ ಹಿಂದೆ ಇರುವುದು ಬಹುಮಟ್ಟಿಗೆ ಇದೇ.

ಇದಕ್ಕೆ ಒಂದು ಹಳೆಯ ಮದ್ದಿದೆ. ಒಳ್ಳೆಯ ಗದ್ಯದ ಒಂದು ಪ್ಯಾರಾ, ಸುಮಾರು 150 ಪದಗಳಷ್ಟು, ಆರಿಸಿಕೊಂಡು ಅದನ್ನು ಕನ್ನಡಕ್ಕೆ ಅನುವಾದಿಸಿ ಎತ್ತಿಡಿ. ಎರಡು ಮೂರು ದಿನಗಳ ನಂತರ ಮೂಲವನ್ನು ನೋಡದೆ ನಿಮ್ಮ ಕನ್ನಡದಿಂದಲೇ ಮತ್ತೆ ಇಂಗ್ಲಿಷಿಗೆ ತನ್ನಿ, ಆಮೇಲೆ ಮೂಲದ ಪಕ್ಕದಲ್ಲಿಟ್ಟು ಪದಕ್ಕೆ ಪದ ಹೋಲಿಸಿ. ಇಂಗ್ಲೆಂಡಿನ ಮೊದಲನೆಯ ಎಲಿಝಬೆತ್ ರಾಣಿಗೆ ಪಾಠ ಹೇಳಿದ್ದ ರೋಜರ್ ಆಸ್ಕಮ್ 16ನೆಯ ಶತಮಾನದಲ್ಲಿ ಲ್ಯಾಟಿನ್ ಕಲಿಸುವುದಕ್ಕೆ ಸೂಚಿಸಿದ್ದು ಇದೇ ಇಮ್ಮಡಿ ಅನುವಾದದ ಕ್ರಮವನ್ನು. ನಿಮಗೂ ಮೂಲಕ್ಕೂ ವ್ಯತ್ಯಾಸ ಬರುವ ಜಾಗಗಳಲ್ಲಿ ಹೆಚ್ಚಿನವು ಒಂದು 'ದ', ಒಂದು 'ಆಫ್', ಒಂದು ಕ್ರಿಯಾರೂಪ ಆಗಿರುವುದನ್ನು ಕಂಡು ನಿಮಗೇ ಆಶ್ಚರ್ಯವಾಗುತ್ತದೆ. ನಿಧಾನದ ಕೆಲಸ ಇದು. ವಾರಕ್ಕೆ ಎರಡು ಪ್ಯಾರಾ ಸಾಕು.

ಪದ ಕಟ್ಟುವ ಮೂರನೆಯ ಭಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಡತನ ಎನ್ನುತ್ತೇವೆ, ನಂಬಿಕೆ ಎನ್ನುತ್ತೇವೆ, ಪ್ರತ್ಯಯಗಳನ್ನು ಅದಲುಬದಲು ಮಾಡುವುದಿಲ್ಲ. ಇಂಗ್ಲಿಷಿನಲ್ಲಿಯೂ ಒಂದು ಪದ ಸಿಕ್ಕಾಗ ಅದರ ಇಡೀ ಕುಟುಂಬವನ್ನು ಒಟ್ಟಿಗೆ ಬರೆದುಕೊಳ್ಳುವುದೇ ದಾರಿ. ಒಂದು ಎಚ್ಚರಿಕೆ ಮಾತ್ರ ಬೇಕು: 'ಎಕ್ಸ್‌ಪೆಕ್ಟ್' ಕೊಟ್ಟಾಗ 'ಎಕ್ಸ್‌ಪೆಕ್ಟೆಡ್ಲಿ' ಎಂಬಲ್ಲಿಗೆ ನಿಲ್ಲಬೇಡಿ, ವಾಕ್ಯದ ಧಾಟಿ 'ಅನ್‌ಎಕ್ಸ್‌ಪೆಕ್ಟೆಡ್ಲಿ' ಎಂದು ನಿಷೇಧವನ್ನು ಬಯಸುತ್ತಿದೆಯೇ ಎಂದು ಇನ್ನೊಮ್ಮೆ ಓದಿ ನೋಡಿ.

ನಾಲ್ಕನೆಯ ಭಾಗದಲ್ಲಿ ವ್ಯಾಕರಣ ಮತ್ತು ಪದ ಎರಡೂ ಒಂದೇ ಗಂಟಿನಲ್ಲಿ ಬಿಗಿದುಕೊಂಡಿರುತ್ತವೆ. 'ಪೀಪಲ್ ಸೇ ದಟ್ ಶಿ ಲೆಫ್ಟ್ ದ ಕಂಪನಿ ಲಾಸ್ಟ್ ಇಯರ್' ಎಂಬ ವಾಕ್ಯವನ್ನು 'ಸೆಡ್' ಎಂಬ ಪದ ಬಳಸಿ, 'ಶಿ' ಎಂಬಲ್ಲಿಂದ ಆರಂಭಿಸಿ ಮತ್ತೆ ಬರೆಯಿರಿ ಎಂದುಕೊಳ್ಳಿ. ಬೇಕಾದ ಉತ್ತರ 'ಈಸ್ ಸೆಡ್ ಟು ಹ್ಯಾವ್ ಲೆಫ್ಟ್'. ಕನ್ನಡದಲ್ಲಿ 'ಬಿಟ್ಟಳಂತೆ' ಎಂದು 'ಅಂತೆ'ಯೊಂದನ್ನು ಸೇರಿಸಿ ಮುಗಿಸುವ ಮಾತಿಗೆ ಇಂಗ್ಲಿಷಿಗೆ ಐದು ಪದಗಳ ಪರಿವಾರವೇ ಬೇಕಾಗುತ್ತದೆ. ಇಲ್ಲಿ ಹೆಚ್ಚಿನವರು 'ಟು ಲೀವ್' ಎಂದು ಬರೆದು ಭೂತಕಾಲವನ್ನು ಕಳೆದುಕೊಳ್ಳುತ್ತಾರೆ, ಕೆಲವರು 'ವಾಸ್ ಸೆಡ್' ಎಂದು ಬರೆದು ಜನ ಹೇಳುವುದನ್ನೇ ಭೂತಕಾಲಕ್ಕೆ ತಳ್ಳುತ್ತಾರೆ. ಉತ್ತರದ ಎರಡು ತುಣುಕುಗಳಿಗೆ ತಲಾ ಒಂದು ಅಂಕ ಇರುವುದರಿಂದ ಒಂದು ತುಣುಕು ತಪ್ಪಿದರೂ ಇನ್ನೊಂದರ ಅಂಕ ಉಳಿಯುತ್ತದೆ. ಈ ಭಾಗದ ಅಭ್ಯಾಸವನ್ನು ತಲೆಕೆಳಗಾಗಿಯೂ ಮಾಡಬಹುದು: ಸರಿಯುತ್ತರವನ್ನು ಮುಂದಿಟ್ಟುಕೊಂಡು ಮೊದಲ ವಾಕ್ಯವನ್ನು ನೀವೇ ರಚಿಸಿ. ಪ್ರಶ್ನೆ ಹೆಣೆಯುವವನ ಜಾಗದಲ್ಲಿ ಹತ್ತು ಬಾರಿ ಕುಳಿತರೆ ಅವನ ಬಲೆಗಳೆಲ್ಲಿವೆ ಎಂಬುದು ತಿಳಿಯುತ್ತದೆ.

ಮಾದರಿ ಪತ್ರಿಕೆಗಳನ್ನು ಒಂದರ ಹಿಂದೊಂದು ಮುಗಿಸಿ ಅಂಕ ಎಣಿಸುವುದನ್ನು ಅಭ್ಯಾಸವೆಂದು ನಾನು ಕರೆಯಲಾರೆ; ಅದು ಪದೇ ಪದೇ ತಕ್ಕಡಿ ಏರಿದಂತೆ. ಒಂದು ಪತ್ರಿಕೆಗೆ ಒಂದು ಗಂಟೆ ಕೊಟ್ಟರೆ ಅದರ ತಪ್ಪುಗಳಿಗೆ ಎರಡು ಗಂಟೆ ಕೊಡಿ. ಪ್ರತಿ ತಪ್ಪಿನ ಎದುರಿಗೂ ಅದಕ್ಕೆ ಕಾರಣವನ್ನು ಬರೆಯಿರಿ: ಪದದ ಜೋಡಿ ಗೊತ್ತಿರಲಿಲ್ಲವೇ, ಕನ್ನಡದ ರೂಢಿ ನುಸುಳಿತೇ, ಬಿಟ್ಟ ಸ್ಥಳದ ಮುಂದಿನ ವಾಕ್ಯವನ್ನು ಓದದೆ ಬರೆದಿರೇ, ಕಾಗುಣಿತವೇ? ನಾಲ್ಕೈದು ಪತ್ರಿಕೆಗಳಾಗುವಷ್ಟರಲ್ಲಿ ಒಂದು ಕಾರಣ ಉಳಿದವುಗಳನ್ನು ಮೀರಿಸಿ ಎದ್ದು ಕಾಣುತ್ತದೆ, ಆಮೇಲಿನ ಓದನ್ನು ಅದಕ್ಕೇ ಹೊಂದಿಸಿಕೊಳ್ಳಿ. ತಪ್ಪಾದ ವಾಕ್ಯಗಳನ್ನು ಬಿಟ್ಟ ಸ್ಥಳದೊಂದಿಗೇ ಚೀಟಿಗಳಲ್ಲಿ ಬರೆದಿಟ್ಟು ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು, ತಿಂಗಳು ಬಿಟ್ಟು ಮತ್ತೆ ತುಂಬಿ ನೋಡಿ. ಕಲಿತದ್ದು ಮೊದಲ ದಿನಗಳಲ್ಲೇ ಬೇಗ ಬೇಗ ಜಾರಿಹೋಗುತ್ತದೆ, ಆಮೇಲೆ ಜಾರುವ ವೇಗ ತಗ್ಗುತ್ತದೆ ಎಂಬುದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿಯೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು ತೋರಿಸಿದ್ದ. ಚೀಟಿಯಲ್ಲಿ ಉತ್ತರವನ್ನು ನೋಡಿ ತಲೆಯಾಡಿಸುವುದಕ್ಕೂ ಅದನ್ನು ನೆನಪಿನಿಂದ ಹೊರತೆಗೆದು ಬರೆಯುವುದಕ್ಕೂ ಬಹಳ ಅಂತರವಿದೆ, ಆದ್ದರಿಂದ ಪೆನ್ನು ಹಿಡಿಯದೆ ಚೀಟಿ ತಿರುವಬೇಡಿ.

ಗಡಿಯಾರವನ್ನು ಆರಂಭದಲ್ಲೇ ಎದುರಿಗಿಟ್ಟುಕೊಳ್ಳುವುದು ಬೇಡ. ಮೊದಲ ಕೆಲವು ವಾರ ಸಮಯದ ಮಿತಿಯಿಲ್ಲದೆ ಮಾಡಿ. ಪರೀಕ್ಷೆಗೆ ತಿಂಗಳಿರುವಾಗ ಮೊದಲ ನಾಲ್ಕು ಭಾಗಗಳನ್ನು 35 ನಿಮಿಷಗಳೊಳಗೆ ಮುಗಿಸುವ ರೂಢಿಗೆ ಬನ್ನಿ, ಏಕೆಂದರೆ ಉಳಿದ ನಾಲ್ಕು ಭಾಗಗಳ ದೀರ್ಘ ಓದಿಗೆ ಮಿಕ್ಕ ಸಮಯವೆಲ್ಲ ಬೇಕಾಗುತ್ತದೆ. ನಾಲ್ಕನೆಯ ಭಾಗದ ಉತ್ತರ, ಕೊಟ್ಟ ಪದವೂ ಸೇರಿ, 3ರಿಂದ 6 ಪದಗಳೊಳಗಿರಬೇಕು. 'ಡೋಂಟ್' ಎಂಬಂಥ ಸಂಕ್ಷಿಪ್ತ ರೂಪವನ್ನು ಎರಡು ಪದಗಳೆಂದು ಎಣಿಸುತ್ತಾರೆ. ಕೊಟ್ಟ ಪದದ ರೂಪವನ್ನು ಬದಲಿಸಿದರೆ ಉಳಿದದ್ದೆಲ್ಲ ಸರಿಯಿದ್ದರೂ ಪ್ರಯೋಜನವಿಲ್ಲ. ಎರಡು ಮತ್ತು ಮೂರನೆಯ ಭಾಗಗಳಲ್ಲಿ ಕಾಗುಣಿತ ತಪ್ಪಿದರೆ ಅಂಕವಿಲ್ಲ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲವಾದ್ದರಿಂದ ಗೊತ್ತಿಲ್ಲದ ಪ್ರಶ್ನೆಗೂ ಏನಾದರೊಂದನ್ನು ಬರೆದೇ ಮುಂದಕ್ಕೆ ಹೋಗಿ.