ಹಗುರ ಮೈಯ ಭಾರದ ಗುದ್ದು: ರಿಕಾರ್ಡೊ ಲೋಪೆಸ್ ಮತ್ತು ಬಲದ ವಿಜ್ಞಾನ

ಮೆಕ್ಸಿಕೊದ ರಿಕಾರ್ಡೊ ಲೋಪೆಸ್ ತಮ್ಮ ವೃತ್ತಿಜೀವನದ ಬಹುಪಾಲು ಕಾದಾಡಿದ್ದು 105 ಪೌಂಡ್, ಅಂದರೆ 47.6 ಕಿಲೋಗ್ರಾಂ ಮಿತಿಯೊಳಗೆ. ಅಂಗಡಿಯಲ್ಲಿ ಸಿಗುವ ಸಿಮೆಂಟ್ ಚೀಲ ಅದಕ್ಕಿಂತ ಎರಡು ಕಿಲೋಗೂ ಹೆಚ್ಚು ತೂಗುತ್ತದೆ. ಇಷ್ಟು ಹಗುರವಾದ ಬಾಕ್ಸರ್ 1985ರಿಂದ 2001ರವರೆಗೆ 52 ವೃತ್ತಿಪರ ಪಂದ್ಯಗಳನ್ನು ಆಡಿ 51 ಗೆದ್ದರು, ಒಂದನ್ನು ಡ್ರಾ ಮಾಡಿಕೊಂಡರು, ಒಂದನ್ನೂ ಸೋಲಲಿಲ್ಲ. ಇದು ದೊಡ್ಡದೇ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ಅಂಕಿ ಇನ್ನೊಂದಿದೆ. ಆ 51 ಗೆಲುವುಗಳಲ್ಲಿ 38 ನಾಕೌಟ್. ನಾಲ್ಕು ಗೆಲುವಿನಲ್ಲಿ ಮೂರರಷ್ಟು ಸಲ ಎದುರಾಳಿ ಕೊನೆಯ ಗಂಟೆಯವರೆಗೆ ನಿಲ್ಲಲೇ ಇಲ್ಲ. ಹಗುರ ತೂಕದವರ ಕಾಳಗ ಹೆಚ್ಚಾಗಿ ಪೂರ್ತಿ ಸುತ್ತು ನಡೆದು ತೀರ್ಪುಗಾರರ ಅಂಕಗಳಲ್ಲಿ ಮುಗಿಯುತ್ತದೆ ಎಂಬುದು ಬಾಕ್ಸಿಂಗ್ ಬಲ್ಲವರ ಸಾಮಾನ್ಯ ಅನುಭವ. ಹಾಗಿರುವಾಗ ಈ ಮನುಷ್ಯನ ಮುಷ್ಟಿಗೆ ಅಷ್ಟು ಬಲ ಎಲ್ಲಿಂದ ಬಂತು?

"ಚಿಕ್ಕವರಿಗೆ ವೇಗ, ದೊಡ್ಡವರಿಗೆ ಬಲ" ಎಂದು ಜನ ಹೇಳುವುದುಂಟು. ಇದರಲ್ಲಿ ಅರ್ಧ ಮಾತ್ರ ನಿಜ. 1985ರಲ್ಲಿ ಬ್ರಿಟನ್ನಿನ ಸಂಶೋಧಕರು ಹೆವಿವೇಟ್ ಬಾಕ್ಸರ್ ಫ್ರಾಂಕ್ ಬ್ರೂನೊ ಅವರ ಗುದ್ದನ್ನು ಅಳೆದರು. ಮುಷ್ಟಿ ತಾಗುವ ಹೊತ್ತಿಗೆ ಅದರ ವೇಗ ಸೆಕೆಂಡಿಗೆ 8.9 ಮೀಟರ್, ಗರಿಷ್ಠ ಬಲ ಸುಮಾರು 4,100 ನ್ಯೂಟನ್. ಇಪ್ಪತ್ತು ವರ್ಷಗಳ ಬಳಿಕ, 2005ರಲ್ಲಿ, ಅಮೆರಿಕದ ಸಂಶೋಧಕರು ಒಲಿಂಪಿಕ್ ಮಟ್ಟದ ಏಳು ಬಾಕ್ಸರ್‌ಗಳಿಂದ ಅಳತೆಯ ಉಪಕರಣ ಅಳವಡಿಸಿದ ಗೊಂಬೆಯ ದವಡೆಗೆ ಗುದ್ದಿಸಿದರು. ಅವರಲ್ಲಿ ಹಗುರ ವಿಭಾಗವಾದ ಫ್ಲೈವೇಟ್‌ನಿಂದ ಅತಿ ಭಾರದ ಸೂಪರ್ ಹೆವಿವೇಟ್‌ವರೆಗಿನವರಿದ್ದರು. ಕೈಯ ಸರಾಸರಿ ವೇಗ ಸೆಕೆಂಡಿಗೆ ಸುಮಾರು 9 ಮೀಟರ್, ಬಲ ಸರಾಸರಿ 3,400 ನ್ಯೂಟನ್‌ಗಳ ಆಸುಪಾಸು. ದೊಡ್ಡ ತೂಕದವರ ಗುದ್ದು ಹೆಚ್ಚು ಬಲವಾಗಿತ್ತು, ನಿಜ. ಆದರೆ ಆ ವ್ಯತ್ಯಾಸಕ್ಕೆ ಮುಖ್ಯ ಕಾರಣ ಮುಷ್ಟಿಯ ವೇಗವಾಗಿರಲಿಲ್ಲ, ಗುದ್ದಿನ ಹಿಂದೆ ಸೇರಿಕೊಂಡ ದ್ರವ್ಯರಾಶಿಯಾಗಿತ್ತು.

ವಿಜ್ಞಾನಿಗಳು ಇದನ್ನು ಪರಿಣಾಮಕಾರಿ ದ್ರವ್ಯರಾಶಿ ಎನ್ನುತ್ತಾರೆ. ಮುಷ್ಟಿ ದವಡೆಗೆ ತಾಗುವ ಆ ಕೆಲವೇ ಮಿಲಿಸೆಕೆಂಡುಗಳಲ್ಲಿ ದವಡೆಗೆ ಎಷ್ಟು ತೂಕದ ವಸ್ತು ಡಿಕ್ಕಿ ಹೊಡೆದಂತಾಯಿತು ಎಂಬುದರ ಲೆಕ್ಕ ಅದು. ಮೇಲಿನ ಅಧ್ಯಯನದಲ್ಲಿ ಅದು ಸರಾಸರಿ 2.9 ಕಿಲೋ. ಮುಂಗೈ ಮತ್ತು ಹಸ್ತ ಸೇರಿ ದೇಹದ ತೂಕದ ಶೇ 2ರಷ್ಟಿರುತ್ತವೆ. 48 ಕಿಲೋ ಮನುಷ್ಯನಲ್ಲಿ ಅದು ಒಂದು ಕಿಲೋ ಮಾತ್ರ. ಮಣಿಕಟ್ಟು, ಮೊಣಕೈ, ಭುಜ ಸಡಿಲವಾಗಿದ್ದರೆ ತಾಗುವುದು ಆ ಒಂದು ಕಿಲೋ ಅಷ್ಟೇ. ಅವೆಲ್ಲ ಒಂದೇ ಸರಳಿನಂತೆ ಬಿಗಿದುಕೊಂಡರೆ ತೋಳಿನ ಹಿಂದೆ ಭುಜ, ಭುಜದ ಹಿಂದೆ ಮುಂಡದ ಒಂದಷ್ಟು ಭಾಗವೂ ಡಿಕ್ಕಿಯಲ್ಲಿ ಪಾಲು ಪಡೆಯುತ್ತದೆ. ದೇಹದ ತೂಕವನ್ನು ತಕ್ಕಡಿ ನಿಗದಿ ಮಾಡುತ್ತದೆ. ಅದರಲ್ಲಿ ಎಷ್ಟನ್ನು ಮುಷ್ಟಿಯವರೆಗೆ ಒಯ್ಯಬಹುದು ಎಂಬುದನ್ನು ತಕ್ಕಡಿ ನಿಗದಿ ಮಾಡಲಾರದು. ಲೋಪೆಸ್ ಅವರ ಇಡೀ ವೃತ್ತಿಜೀವನ ನಿಂತಿರುವುದು ಈ ಸಂಗತಿಯ ಮೇಲೆ ಎಂಬುದು ನನ್ನ ನಂಬಿಕೆ.

ಅವರ ಹಳೆಯ ಪಂದ್ಯಗಳ ವಿಡಿಯೊ ಸಿಕ್ಕರೆ ಬಲಗೈಯ ನೇರ ಗುದ್ದೊಂದನ್ನು ನಿಧಾನಗತಿಯಲ್ಲಿ ನೋಡಿ. ಮೊದಲು ಅಲುಗುವುದು ಕೈಯಲ್ಲ, ಹಿಂದಿನ ಪಾದದ ಹಿಮ್ಮಡಿ. ಅದು ನೆಲದಿಂದ ಎದ್ದು ಹೊರಕ್ಕೆ ತಿರುಗುತ್ತದೆ. ಅದರ ಬೆನ್ನಿಗೆ ಮೊಣಕಾಲು, ಆಮೇಲೆ ಸೊಂಟ, ಸೊಂಟದ ನಂತರ ಭುಜ. ಕೈ ಹೊರಡುವುದು ಎಲ್ಲಕ್ಕಿಂತ ಕೊನೆಗೆ. ಗಲ್ಲ ಭುಜದ ಮರೆಯಲ್ಲೇ ಉಳಿಯುತ್ತದೆ, ಎಡಗೈ ಕೆನ್ನೆಯ ಪಕ್ಕ ಬಿಟ್ಟು ಕದಲುವುದಿಲ್ಲ. ಗುದ್ದಿದ ಕೈ ಹೋದ ದಾರಿಯಲ್ಲೇ ಮರಳಿ ಬರುತ್ತದೆ. ಎಷ್ಟೋ ಬಾಕ್ಸರ್‌ಗಳು ಜೋರಾಗಿ ಗುದ್ದಲು ಹೋಗಿ ಮುಂದಕ್ಕೆ ವಾಲುತ್ತಾರೆ, ಕೈಯನ್ನು ಹಿಂದಕ್ಕೆಳೆದು ಬೀಸುತ್ತಾರೆ. ಲೋಪೆಸ್ ಅವರಲ್ಲಿ ಅಂಥ ಹೆಚ್ಚುವರಿ ಚಲನೆ ಹುಡುಕಿದರೂ ಸಿಗುವುದು ಕಷ್ಟ.

ಹಿಮ್ಮಡಿಯಿಂದ ಶುರುವಾಗುವ ಈ ಸರಪಳಿಯನ್ನು ಸೋವಿಯತ್ ಸಂಶೋಧಕರು 1980ರ ದಶಕದಲ್ಲೇ ಅಳೆದಿದ್ದರು. ನುರಿತ ಬಾಕ್ಸರ್‌ಗಳ ನೇರ ಗುದ್ದಿನಲ್ಲಿ ಸುಮಾರು ಶೇ 39ರಷ್ಟು ಪಾಲು ಕಾಲಿನದು, ಶೇ 37 ಮುಂಡದ್ದು, ತೋಳಿನದು ಶೇ 24 ಮಾತ್ರ. ಕಲಿಕೆಯ ಹಂತದಲ್ಲಿದ್ದವರಲ್ಲಿ ಕಾಲಿನ ಪಾಲು ಇದರ ಅರ್ಧವೂ ಇರಲಿಲ್ಲ. ನೆಲವನ್ನು ಒತ್ತಿದಾಗ ನೆಲ ತಿರುಗಿ ಒತ್ತುತ್ತದೆ. ನ್ಯೂಟನ್ನನ ಮೂರನೆಯ ನಿಯಮವನ್ನು ಕಾಲಿನಿಂದ ಕೈಗೆ ದಾಟಿಸುವ ಕೆಲಸವನ್ನೇ ತರಬೇತುದಾರರು ವರ್ಷಗಟ್ಟಲೆ ತಿದ್ದುತ್ತಾರೆ. ಲೋಪೆಸ್ ಅವರನ್ನು ತಿದ್ದಿದವರು ಮೆಕ್ಸಿಕೊ ಸಿಟಿಯ ಇಗ್ನಾಸಿಯೊ ಬೆರಿಸ್ತೈನ್. ನಾಚೊ ಎಂದೇ ಹೆಸರಾದ ಇವರು ಮುಂದೆ ಹುವಾನ್ ಮಾನ್ವೆಲ್ ಮಾರ್ಕೆಸ್ ಅವರನ್ನೂ ಅದೇ ಮಾದರಿಯಲ್ಲಿ ರೂಪಿಸಿದರು. ಎರಡೂ ಕೈ ಎತ್ತರದಲ್ಲಿ, ಪಾದಗಳು ಸಮತೋಲದಲ್ಲಿ, ಗುದ್ದುಗಳು ಚಿಕ್ಕ ದಾರಿಯಲ್ಲಿ.

ಕೈ ಬಿಗಿಯಾಗಬೇಕು ಎಂದೆ. ಆದರೆ ಮೊದಲಿನಿಂದಲೇ ಬಿಗಿಯಾಗಿದ್ದರೆ ವೇಗ ಹೋಗುತ್ತದೆ. ಒಂದು ಸ್ನಾಯು ಮುಂದಕ್ಕೆಳೆಯುವಾಗ ಇನ್ನೊಂದು ತಡೆಯುತ್ತಿರುತ್ತದೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸ್ಟುವರ್ಟ್ ಮೆಕ್‌ಗಿಲ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ವಿವರಣೆ ಕೊಡುತ್ತದೆ. ಮಿಶ್ರ ಸಮರಕಲೆಯ ಪಟುಗಳ ಸ್ನಾಯುಗಳಲ್ಲಿ ವಿದ್ಯುತ್ ಚಟುವಟಿಕೆಯನ್ನು ಅಳೆದಾಗ ಎರಡು ಶಿಖರಗಳು ಕಂಡವು. ಹೊಡೆತ ಹೊರಡುವಾಗ ಒಂದು ಬಿಗಿತ, ದಾರಿಯ ನಡುವೆ ಸಡಿಲಿಕೆ, ತಾಗುವ ಗಳಿಗೆಯಲ್ಲಿ ಮತ್ತೊಂದು ಬಿಗಿತ. ಮೊದಲನೆಯದು ಚಲನೆಗೆ ಚಾಲನೆ ಕೊಡುತ್ತದೆ, ನಡುವಿನ ಸಡಿಲಿಕೆ ವೇಗ ಕೊಡುತ್ತದೆ, ಎರಡನೆಯ ಬಿಗಿತ ದ್ರವ್ಯರಾಶಿಯನ್ನು ಸೇರಿಸುತ್ತದೆ. ಇದೆಲ್ಲ ಸೆಕೆಂಡಿನ ಸಣ್ಣದೊಂದು ಪಾಲಿನಲ್ಲಿ ನಡೆದುಹೋಗುತ್ತದೆ. ಹೆವಿವೇಟ್ ಬಾಕ್ಸರ್‌ಗೆ ಈ ಹೊಂದಾಣಿಕೆ ಸ್ವಲ್ಪ ತಪ್ಪಿದರೂ ಮೈಯ ಗಾತ್ರ ಕೈಹಿಡಿಯುತ್ತದೆ. 47 ಕಿಲೋ ಬಾಕ್ಸರ್‌ಗೆ ಆ ಆಸರೆಯಿಲ್ಲ. ಆದ್ದರಿಂದಲೇ ಗುದ್ದಿನ ವಿಜ್ಞಾನವನ್ನು ಕಣ್ಣಾರೆ ಕಾಣಬೇಕೆನ್ನುವವರು ಹೆವಿವೇಟ್ ಬಿಟ್ಟು ಅತಿ ಹಗುರದವರನ್ನು ನೋಡಬೇಕು ಎನ್ನುತ್ತೇನೆ.

ನಾಕೌಟ್‌ಗೆ ಬಲವೊಂದೇ ಸಾಲದು. ತಲೆ ಥಟ್ಟನೆ ತಿರುಗಿದಾಗ ತಲೆಬುರುಡೆಯೊಳಗಿನ ಮೆದುಳು ಅದೇ ವೇಗದಲ್ಲಿ ತಿರುಗದೆ ಹಿಂದುಳಿಯುತ್ತದೆ, ಅದರ ಅಂಗಾಂಶ ತಿರುಚಿಕೊಳ್ಳುತ್ತದೆ. ಪ್ರಜ್ಞೆ ತಪ್ಪುವುದಕ್ಕೆ ನೇರ ತಳ್ಳುವಿಕೆಗಿಂತ ಈ ತಿರುಗುವಿಕೆಯೇ ಹೆಚ್ಚು ಕಾರಣ. ಪಕ್ಕದಿಂದ ಬಾಗಿ ಬರುವ ಹುಕ್ ಮತ್ತು ಕೆಳಗಿನಿಂದ ಮೇಲಕ್ಕೆ ಬರುವ ಅಪ್ಪರ್‌ಕಟ್ ಅಪಾಯಕಾರಿಯಾಗುವುದು ಇದಕ್ಕೇ. ದವಡೆಯ ತುದಿಗೆ ತಾಗಿದ ಗುದ್ದು ಸನ್ನೆಕೋಲಿನಂತೆ ಇಡೀ ತಲೆಯನ್ನು ತಿರುಗಿಸುತ್ತದೆ. ಇದನ್ನು ತಡೆಯುವುದು ಕತ್ತಿನ ಸ್ನಾಯುಗಳು, ಅದೂ ಗುದ್ದು ಬರುವುದು ಮೊದಲೇ ತಿಳಿದಿದ್ದರೆ. ಹಗುರ ತೂಕದವರಿಗೆ ಇಲ್ಲೊಂದು ಕಷ್ಟವಿದೆ. 48 ಕಿಲೋ ಮನುಷ್ಯನ ಮೆದುಳು 100 ಕಿಲೋ ಮನುಷ್ಯನ ಮೆದುಳಿನ ಅರ್ಧವಲ್ಲ. ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದನ್ನು ಹೊತ್ತ ಕತ್ತು ಮಾತ್ರ ತೆಳ್ಳಗೆ.

ಕಣ್ಣಿಗೆ ಕಂಡದ್ದಕ್ಕೆ ಕೈ ಪ್ರತಿಕ್ರಿಯಿಸಲು ಸುಮಾರು ಐದನೇ ಒಂದು ಸೆಕೆಂಡು ಬೇಕು. ಹತ್ತಿರದಿಂದ ಹೊರಟ ಜ್ಯಾಬ್, ಅಂದರೆ ಮುಂದಿನ ಕೈಯ ಚುರುಕಾದ ನೇರ ಗುದ್ದು, ಅದಕ್ಕಿಂತ ಬೇಗ ಮುಖ ಮುಟ್ಟುತ್ತದೆ. ಹಾಗಾಗಿ ನುರಿತವರು ಗುದ್ದನ್ನು ನೋಡಿ ತಪ್ಪಿಸಿಕೊಳ್ಳುವುದಿಲ್ಲ. ಎದುರಾಳಿಯ ಭುಜ, ಸೊಂಟ, ಪಾದ ಕೊಡುವ ಸೂಚನೆಯನ್ನು ಓದಿ ಮೊದಲೇ ಸರಿಯುತ್ತಾರೆ. ಲೋಪೆಸ್ ಅವರಲ್ಲಿ ಆ ಸೂಚನೆ ತೀರಾ ಕಡಿಮೆ. ಜೊತೆಗೆ ಅವರು ಒಂದೇ ಗುದ್ದಿಗೆ ನಿಲ್ಲುತ್ತಿರಲಿಲ್ಲ. ಪಕ್ಕೆಗೆ ಬಿದ್ದ ಹುಕ್‌ಗೆ ಎದುರಾಳಿಯ ಮೊಣಕೈ ಕೆಳಗಿಳಿಯುವ ಹೊತ್ತಿಗೆ ಅಪ್ಪರ್‌ಕಟ್ ಗಲ್ಲದ ಕಡೆಗೆ ಹೊರಟಿರುತ್ತಿತ್ತು. ಕತ್ತು ಸಿದ್ಧವಾಗುವಷ್ಟರಲ್ಲಿ ಅದು ತಾಗಿಯೂ ಆಗಿರುತ್ತಿತ್ತು.

105 ಪೌಂಡ್ ವಿಭಾಗವೇ ಹುಟ್ಟಿದ್ದು 1987ರಲ್ಲಿ. ಕ್ವೆರ್ನವಾಕಾದಲ್ಲಿ 1966ರಲ್ಲಿ ಹುಟ್ಟಿದ ಲೋಪೆಸ್ ವೃತ್ತಿಪರರಾದಾಗ ಅವರ ಮೈಗೆ ಒಪ್ಪುವ ವಿಶ್ವ ಪಟ್ಟವೇ ಇರಲಿಲ್ಲ. 1990ರ ಅಕ್ಟೋಬರ್ 25ರಂದು ಟೋಕಿಯೊದಲ್ಲಿ ಹಿದೆಯುಕಿ ಓಹಾಶಿ ಅವರನ್ನು 5ನೇ ಸುತ್ತಿನಲ್ಲಿ ಮಣಿಸಿ ಅವರು ವಿಶ್ವ ಪಟ್ಟ ಕೊಡುವ ಸಂಸ್ಥೆಗಳಲ್ಲೊಂದಾದ ಡಬ್ಲ್ಯುಬಿಸಿಯ ಚಾಂಪಿಯನ್ ಆದರು. ನಂತರ ಆ ಪಟ್ಟವನ್ನು ಎಂಟು ವರ್ಷ, 20ಕ್ಕೂ ಹೆಚ್ಚು ಸಲ ಕಾಪಾಡಿಕೊಂಡರು. ಎದುರಾಳಿಗಳು ಸಾಮಾನ್ಯರಾಗಿದ್ದರು ಎಂದು ಹಗುರವಾಗಿ ಮಾತನಾಡುವವರಿದ್ದಾರೆ. ಅವರಿಗೆ ಥಾಯ್ಲೆಂಡಿನ ಸಮನ್ ಸೊರ್ಜಾತುರೊಂಗ್ ಹೆಸರು ನೆನಪಿಸಬೇಕು. 1993ರಲ್ಲಿ ಲೋಪೆಸ್ ಅವರ ಎದುರು ಎರಡೇ ಸುತ್ತಿನಲ್ಲಿ ಮುಗಿದ ಈ ಬಾಕ್ಸರ್ ಎರಡು ವರ್ಷಗಳ ನಂತರ ಮೇಲಿನ ವಿಭಾಗದ ದಿಗ್ಗಜ ಉಂಬೆರ್ತೊ ಗೊನ್ಸಾಲೆಸ್ ಅವರನ್ನೇ ಕೆಡವಿ ಚಾಂಪಿಯನ್ ಆದರು, ವರ್ಷಗಳ ಕಾಲ ಹಾಗೆಯೇ ಉಳಿದರು.

ಗೊನ್ಸಾಲೆಸ್ ಮತ್ತು ಅಮೆರಿಕದ ಮೈಕೆಲ್ ಕರ್ಬಹಾಲ್ ಇದ್ದದ್ದು ಕೇವಲ 3 ಪೌಂಡ್ ಮೇಲಿನ ವಿಭಾಗದಲ್ಲಿ. 1993–94ರಲ್ಲಿ ಇವರಿಬ್ಬರ ಕಾಳಗಗಳಿಗೆ ಹಗುರ ತೂಕದ ಜಗತ್ತು ಕಾಣದಷ್ಟು ಹಣ ಹರಿಯಿತು. ಲೋಪೆಸ್ ಏಕೆ ಮೇಲೇರಲಿಲ್ಲ ಎಂದು ಈಗಲೂ ಕೇಳುತ್ತಾರೆ. ಇವರಿಬ್ಬರ ಎದುರು ಲೋಪೆಸ್ ಅವರ ಪಂದ್ಯ ನಡೆಯದೇ ಹೋದದ್ದು ನನಗೂ ಬೇಸರವೇ. ಆದರೆ 3 ಪೌಂಡ್ ಎಂದರೆ ಅವರ ದೇಹತೂಕದ ಶೇ 3ರಷ್ಟು. ಎದುರಾಳಿಯ ಪರಿಣಾಮಕಾರಿ ದ್ರವ್ಯರಾಶಿಗೂ ಕತ್ತಿನ ದಪ್ಪಕ್ಕೂ ಅದು ಸೇರುತ್ತದೆ.

ಇದೇ ಲೆಕ್ಕ ತೂಕ ಇಳಿಸುವಾಗ ಇನ್ನೂ ಕಠೋರವಾಗುತ್ತದೆ. ತಕ್ಕಡಿ ಏರುವ ಮುನ್ನ ಬೆವರಿಳಿಸಿ, ನೀರು ಬಿಟ್ಟು ಒಂದು ಲೀಟರ್ ಕಳೆದುಕೊಂಡರೆ 48 ಕಿಲೋ ದೇಹದಲ್ಲಿ ಅದು ಶೇ 2. ರಕ್ತದ ದ್ರವಾಂಶ ಕುಗ್ಗುತ್ತದೆ, ಹೃದಯ ಹೆಚ್ಚು ಬಾರಿ ಬಡಿಯಬೇಕಾಗುತ್ತದೆ, ದೇಹ ಬಿಸಿ ಹೊರಹಾಕಲು ತಿಣುಕುತ್ತದೆ. ನೀರು ಕಳೆದುಕೊಂಡ ಮೆದುಳು ಅಲ್ಪಸ್ವಲ್ಪ ಕುಗ್ಗುವುದು ಎಂಆರ್‌ಐ ಅಧ್ಯಯನಗಳಲ್ಲಿ ಕಂಡಿದೆ. ಹಾಗೆ ಕುಗ್ಗಿದಾಗ ಮೆದುಳಿಗೂ ಅದರ ಹೊರಪೊರೆಗೂ ನಡುವೆ ಚಾಚಿದ ಸಣ್ಣ ರಕ್ತನಾಳಗಳು ಸುಲಭವಾಗಿ ಹರಿಯಬಹುದೇ ಎಂಬ ಆತಂಕ ವೈದ್ಯರಲ್ಲಿದೆ. ಇದು ಇನ್ನೂ ಸಾಬೀತಾಗಿಲ್ಲ. ಬಾಕ್ಸಿಂಗ್ ಕಣ್ಣೆದುರೇ ಕಂಡ ಸಾವುಗಳಂತೂ ಇವೆ. 1980ರಲ್ಲಿ ಮೆಕ್ಸಿಕೊದ ಲೂಪೆ ಪಿಂತೋರ್ ಎದುರು ಕಾದಾಡಿದ ವೇಲ್ಸ್‌ನ ಬಾಂಟಮ್‌ವೇಟ್ ಜಾನಿ ಓವನ್ ಮತ್ತೆ ಎಚ್ಚರಗೊಳ್ಳಲಿಲ್ಲ. 1982ರಲ್ಲಿ ಕೊರಿಯಾದ ಲೈಟ್‌ವೇಟ್ ಕಿಮ್ ದುಕ್ ಕೂ ತೀರಿಕೊಂಡರು. ಆ ಸಾವಿನ ನಂತರವೇ ಡಬ್ಲ್ಯುಬಿಸಿ ವಿಶ್ವ ಪಂದ್ಯಗಳನ್ನು 15 ಸುತ್ತಿನಿಂದ 12ಕ್ಕೆ ಇಳಿಸಿತು. ಈ ಹೆಸರುಗಳನ್ನು ಬಿಟ್ಟು ಹಗುರ ತೂಕದ ಬಾಕ್ಸಿಂಗನ್ನು ಹೊಗಳುವುದು ನನಗೆ ಸರಿಯೆನಿಸುವುದಿಲ್ಲ.

ಲೋಪೆಸ್ ಅವರನ್ನು ಸೋಲಿನ ಅಂಚಿಗೆ ಒಯ್ದವರು ನಿಕರಾಗುವಾದ ರೊಸೆಂದೊ ಅಲ್ವಾರೆಸ್. 1998ರ ಮಾರ್ಚ್ 7ರಂದು ಮೆಕ್ಸಿಕೊ ಸಿಟಿಯಲ್ಲಿ, ಎರಡನೇ ಸುತ್ತಿನಲ್ಲೇ, ಅಲ್ವಾರೆಸ್ ಅವರ ಗುದ್ದಿಗೆ ಲೋಪೆಸ್ ನೆಲಕ್ಕೆ ಬಿದ್ದರು. ವೃತ್ತಿಜೀವನದಲ್ಲೇ ಮೊದಲ ಸಲ. ಎದ್ದರು, ಕಾದಾಡಿದರು. ತಲೆಗಳು ಡಿಕ್ಕಿಯಾಗಿ ಲೋಪೆಸ್‌ಗೆ ಗಾಯವಾಗಿದ್ದರಿಂದ ಪಂದ್ಯ ಅರ್ಧದಲ್ಲೇ ನಿಂತು ಡ್ರಾ ಆಯಿತು. ನವೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಮರುಪಂದ್ಯ. ಅಲ್ವಾರೆಸ್ ತೂಕದ ಮಿತಿಗೆ ಇಳಿಯಲಾಗದೆ ಇನ್ನೊಂದು ಸಂಸ್ಥೆ ಡಬ್ಲ್ಯುಬಿಎ ಕೊಟ್ಟಿದ್ದ ತಮ್ಮ ಪಟ್ಟವನ್ನು ತಕ್ಕಡಿಯ ಮೇಲೆಯೇ ಕಳೆದುಕೊಂಡರು. ತಮಗಿಂತ ಭಾರದ ಎದುರಾಳಿಯ ಮುಂದೆ 12 ಸುತ್ತು ನಿಂತ ಲೋಪೆಸ್ ಒಡಕು ತೀರ್ಪಿನಲ್ಲಿ, ಅಂದರೆ ಮೂವರು ತೀರ್ಪುಗಾರರಲ್ಲಿ ಇಬ್ಬರ ಒಲವಿನಿಂದ, ಗೆದ್ದರು. ಅವರ 38 ನಾಕೌಟ್‌ಗಳಿಗಿಂತಲೂ ಹೆಚ್ಚಾಗಿ ಈ ಪಂದ್ಯವನ್ನೇ ನೋಡಿ ಎಂದು ನಾನು ಹೇಳುತ್ತೇನೆ. ಬಲ ಸಾಲದಾದಾಗ ಪಾದ, ಅಂತರ, ಜ್ಯಾಬ್ ಹೇಗೆ ದುಡಿಯುತ್ತವೆ ಎಂಬುದು ಅಲ್ಲಿ ಸುತ್ತು ಸುತ್ತಿಗೂ ಕಾಣುತ್ತದೆ.

ಮರುವರ್ಷ, 33ರ ವಯಸ್ಸಿನಲ್ಲಿ, ಅವರು ಕೊನೆಗೂ 3 ಪೌಂಡ್ ಮೇಲೇರಿ ವಿಲ್ ಗ್ರಿಗ್ಸ್‌ಬಿ ಅವರಿಂದ ಮತ್ತೊಂದು ಸಂಸ್ಥೆಯಾದ ಐಬಿಎಫ್‌ನ ಪಟ್ಟ ಗೆದ್ದರು. 2001ರ ಸೆಪ್ಟೆಂಬರ್ 29ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಅಂದಿನ ಮುಖ್ಯ ಪಂದ್ಯವಾದ ಹಾಪ್ಕಿನ್ಸ್–ಟ್ರಿನಿಡಾಡ್ ಕಾಳಗಕ್ಕೆ ನೆರೆದ ಜನರ ಮುಂದೆ, ದಕ್ಷಿಣ ಆಫ್ರಿಕಾದ ಜೊಲಾನಿ ಪೆಟೆಲೊ ಅವರನ್ನು 8ನೇ ಸುತ್ತಿನಲ್ಲಿ ನಾಕೌಟ್ ಮಾಡಿದರು. ಆಗ ಅವರಿಗೆ 35 ವರ್ಷ. ಅದೇ ಅವರ ಕೊನೆಯ ಪಂದ್ಯವಾಯಿತು. 2010ರಲ್ಲಿ ಅಂತರರಾಷ್ಟ್ರೀಯ ಬಾಕ್ಸಿಂಗ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು.