ಬೇಟೆಗೆ, ಕಾಡುದಾರಿಗೆ ಯಾವ ಗಾಡಿ? ಆಲ್ ವೀಲ್ ಡ್ರೈವ್ ಇದ್ದರೆ ಸಾಕಾ?

ಪ್ರಶ್ನೆ: ಬೇಟೆ ಪ್ರವಾಸಕ್ಕೆ ಗಾಡಿ ತಗೋಬೇಕು. ಮಾರುವವರು ಆಲ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ ಹೋಗುವ ಎಸ್‌ಯುವಿ ತೋರಿಸಿ, ಇದು ಎಲ್ಲಿ ಬೇಕಾದರೂ ಹೋಗುತ್ತೆ ಅಂತಿದ್ದಾರೆ. ಅಷ್ಟು ಸಾಕಾ?

ಉತ್ತರ: ಮಣ್ಣುರಸ್ತೆ ಮುಗಿಯುವಲ್ಲಿ ಗಾಡಿ ನಿಲ್ಲಿಸಿ ಮುಂದಕ್ಕೆ ನಡೆದು ಹೋಗುವವರಾದರೆ ಸಾಕು. ಅಲ್ಲಿಂದಾಚೆಗೂ ಗಾಡಿಯೇ ಬೇಕು ಅಂದರೆ ಸಾಲದು. ಮೊದಲು ಒಂದೇ ಮಾತು ಕೇಳಿ: ಇದರಲ್ಲಿ ಲೋ ರೇಂಜ್ ಇದೆಯಾ?

ಲೋ ರೇಂಜ್ ಅಂದರೆ ಟ್ರಾನ್ಸ್‌ಫರ್ ಕೇಸಿನಲ್ಲಿ, ಅಂದರೆ ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆಯಲ್ಲಿರುವ ಇನ್ನೊಂದು ಜೊತೆ ಗೇರು. ಸುಜುಕಿ ಜಿಮ್ನಿಯಲ್ಲಿ ಅದರ ಅನುಪಾತ ಸುಮಾರು 2:1, ಜೀಪ್ ರ‍್ಯಾಂಗ್ಲರ್ ರೂಬಿಕಾನ್‌ನಲ್ಲಿ 4:1. ಇಂಜಿನ್ ಅಷ್ಟೇ ಜೋರಾಗಿ ತಿರುಗಿದರೂ ಚಕ್ರ ಅರ್ಧ ಅಥವಾ ಕಾಲು ವೇಗದಲ್ಲಿ ತಿರುಗುತ್ತದೆ, ಎಳೆಯುವ ಬಲ ಅಷ್ಟೇ ಪಟ್ಟು ಹೆಚ್ಚುತ್ತದೆ. ಹತ್ತುವಾಗ ಇದು ಬೇಕು ಅಂತ ಎಲ್ಲರಿಗೂ ಗೊತ್ತು. ನನಗೆ ಇಳಿಯುವಾಗಲೇ ಜಾಸ್ತಿ ಬೇಕು. ಹಿಂದೆ ಭಾರ ಹೇರಿಕೊಂಡು ಒದ್ದೆ ಹುಲ್ಲಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತದೆ, ಅದೇ ಲೋ ರೇಂಜಿನ ಮೊದಲ ಗೇರಿನಲ್ಲಿ ಬಿಟ್ಟರೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ನಾವು ನಡೆಯುವಷ್ಟು ನಿಧಾನವಾಗಿ ಇಳಿಸುತ್ತದೆ.

ಡಿಫರೆನ್ಷಿಯಲ್ ಅಂದರೆ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರಿನ ಜೋಡಣೆ. ಅದನ್ನು ಬಿಗಿದು ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಲಾಕ್ ಇದ್ದರೆ ಇನ್ನೂ ಒಳ್ಳೆಯದು. ಲಾಕ್ ಇಲ್ಲದಿದ್ದಾಗ ಗಾಳಿಯಲ್ಲಿ ಎದ್ದ ಚಕ್ರ ಸುಮ್ನೆ ತಿರುಗುತ್ತದೆ, ನೆಲದಲ್ಲಿರುವ ಚಕ್ರ ಅಲ್ಲಾಡುವುದೇ ಇಲ್ಲ.

ಆಮೇಲೆ ಭಾರ ನೋಡಿ. ಜನ ಕುದುರೆ ಶಕ್ತಿ ಕೇಳುತ್ತಾರೆ, ಗಾಡಿಯ ತೂಕ ಕೇಳುವುದಿಲ್ಲ. ಕೆಸರಿನಲ್ಲಿ ಹೂತುಹೋಗುವುದು ತೂಕದಿಂದ ಅಲ್ವಾ? 1977ರಲ್ಲಿ ಬಂದ ಲಾಡಾ ನಿವಾ ಸಣ್ಣ ಇಂಜಿನ್ನಿನ ಹಗುರ ಗಾಡಿ. ಆದರೆ ಯಾವಾಗಲೂ ನಾಲ್ಕೂ ಚಕ್ರಕ್ಕೆ ಬಲ, ಜೊತೆಗೆ ಲೋ ರೇಂಜ್, ಮುಂದಿನ ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್‌ಗೆ ಲಾಕ್. ರಷ್ಯಾದ ಬೇಟೆಗಾರರು ಅದನ್ನು ಇವತ್ತಿಗೂ ಬಿಟ್ಟಿಲ್ಲ. ಜಿಮ್ನಿಯೂ ಸುಮಾರು 1,100ರಿಂದ 1,200 ಕೆಜಿ ಅಷ್ಟೇ.

ಹಗುರ ಗಾಡಿಗೆ ಒಂದು ಮಿತಿಯೂ ಇದೆ. ಮೂಸ್ ಅಂದರೆ ಉತ್ತರದ ಚಳಿನಾಡಿನ ಭಾರಿ ಜಿಂಕೆ, ಅದರ ಗಂಡು ಒಂದು 450 ಕೆಜಿ ದಾಟುವುದುಂಟು. ಅದರ ಮಾಂಸ, ಡೇರೆ, ನೀರು, ಮೂರು ಜನ, ಇಷ್ಟು ಜಿಮ್ನಿಗೆ ಆಗದ ಮಾತು. ನಿಮ್ಮ ಬೇಟೆ ಅಷ್ಟು ದೊಡ್ಡದಾದರೆ ಪಿಕಪ್ ತಗೊಳ್ಳಿ. ರಕ್ತ, ವಾಸನೆ ಹಿಂದೆಯೇ ಉಳಿಯುತ್ತದೆ, ನೀರು ಸುರಿದು ತೊಳೆದರಾಯಿತು. ಖಾಲಿ ಪಿಕಪ್ಪಿನ ಹಿಂಭಾಗ ಹಗುರವಾಗಿ ಹಿಂದಿನ ಚಕ್ರ ಬೇಗ ಜಾರುತ್ತದೆ, ಅದಕ್ಕೆ ಹೋಗುವಾಗ ಎರಡು ಮರಳಿನ ಮೂಟೆ ಹಾಕಿಕೊಂಡು ಚೆನ್ನಾಗಿ ಕಟ್ಟಿ.

ಟೈರಿನ ವಿಷಯದಲ್ಲಿ ಮಾತ್ರ ಹಣಕ್ಕೆ ಹಿಂದೆಮುಂದೆ ನೋಡಬೇಡಿ. ಡಾಂಬರು ರಸ್ತೆಯ ಟೈರು ಹಾಕಿದ ದೊಡ್ಡ ಗಾಡಿಗಿಂತ ಮಣ್ಣಿಗೂ ಡಾಂಬರಿಗೂ ಆಗುವ ಆಲ್ ಟೆರೇನ್ ಟೈರಿನ ಸಾಧಾರಣ ಗಾಡಿ ಕಾಡಿನಲ್ಲಿ ಮುಂದೆ ಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಕೆಸರಿಗೆಂದೇ ಮಾಡಿದ ಮಡ್ ಟೆರೇನ್ ಟೈರಿನ ಉಬ್ಬುಗಳು ದೊಡ್ಡವು, ಕೆಸರನ್ನು ಚೆನ್ನಾಗಿ ಉದುರಿಸುತ್ತವೆ, ಆದರೆ ಹೆದ್ದಾರಿಯಲ್ಲಿ ಸದ್ದು ಜಾಸ್ತಿ, ಬೇಗ ಸವೆಯುತ್ತವೆ. ಮರಳಿನಲ್ಲಿ 32 ಪಿಎಸ್‌ಐ ಗಾಳಿಯನ್ನು 18ರ ಹತ್ತಿರಕ್ಕೆ ಇಳಿಸಿ ನೋಡಿ, ಟೈರು ಉದ್ದಕ್ಕೆ ಹರಡಿಕೊಂಡು ಗಾಡಿ ತೇಲಿದ ಹಾಗೆ ಹೋಗುತ್ತದೆ. ರಸ್ತೆಗೆ ಬರುವ ಮೊದಲು ಮತ್ತೆ ತುಂಬಿಸಲು ಪುಟ್ಟ ಕಂಪ್ರೆಸರ್ ಇಟ್ಟುಕೊಳ್ಳಿ.

ಹಳೆಯ ಗಾಡಿ ನೋಡುತ್ತಿದ್ದೀರಾ? ಹೊಳಪಿಗೆ ಮರುಳಾಗಬೇಡಿ. ಕೆಳಗೆ ಮಲಗಿ ಛಾಸಿಗೆ ತುಕ್ಕು ಹಿಡಿದಿದೆಯಾ ಅಂತ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಆಮೇಲೆ ಮಣ್ಣಿನ ಮೇಲೆ, ಡಾಂಬರಿನ ಮೇಲಲ್ಲ, ಲೋ ರೇಂಜ್ ಹಾಕಿಸಿ ಹತ್ತು ಮೀಟರ್ ಓಡಿಸಿ. ವರ್ಷಗಟ್ಟಲೆ ಮುಟ್ಟದ ಲಿವರ್ ಜಾಮ್ ಆಗಿರುತ್ತದೆ. ಮಾರುವವರು ಅದನ್ನು ಹಾಕಿ ತೋರಿಸಲು ಒಪ್ಪದಿದ್ದರೆ ಬೇರೆ ಗಾಡಿ ನೋಡಿ.