ಕ್ಯಾಸೆಟ್ಟಿನ ವಿಡಿಯೊ ತಡವರಿಸುತ್ತಿದೆ, ಯಾವ ಪ್ರೊಸೆಸ್ ನಿಲ್ಲಿಸಲಿ?

ಪ್ರಶ್ನೆ: ನಮ್ಮ ಮದುವೆಯ ಹಳೆಯ ವಿಎಚ್‌ಎಸ್ ಕ್ಯಾಸೆಟ್ಟನ್ನು ಯುಎಸ್‌ಬಿ ಕ್ಯಾಪ್ಚರ್ ಸಾಧನದ ಮೂಲಕ ಲ್ಯಾಪ್‌ಟಾಪಿಗೆ ಇಳಿಸುತ್ತಿದ್ದೇನೆ. ಚಿತ್ರ ಅಲ್ಲಲ್ಲಿ ಜಿಗಿಯುತ್ತದೆ, ಧ್ವನಿ ಹಿಂದೆ ಬೀಳುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದರೆ ನೂರೈವತ್ತಕ್ಕೂ ಹೆಚ್ಚು ಪ್ರೊಸೆಸ್‌ಗಳು ಕಾಣುತ್ತವೆ. ಇವುಗಳಲ್ಲಿ ಯಾವುದನ್ನೆಲ್ಲ ನಿಲ್ಲಿಸಬೇಕು?

ಉತ್ತರ: ನೂರೈವತ್ತು ಎಂಬ ಸಂಖ್ಯೆಗೆ ಹೆದರಬೇಡಿ. ಅವುಗಳಲ್ಲಿ ಬಹುಪಾಲು ಸುಮ್ಮನೆ ಮಲಗಿರುತ್ತವೆ. ಕಾಟ ಕೊಡುವುದು ನಾಲ್ಕೈದು ಮಾತ್ರ, ಅವೂ ಆಗಾಗ ಎದ್ದು ಕೂತಾಗ.

ಭಾರತದ ಟಿವಿ, ವಿಡಿಯೊಗಳಲ್ಲಿ ಬಳಕೆಯಲ್ಲಿದ್ದುದು ಪಾಲ್ ಎಂಬ ಪದ್ಧತಿ. ಅದರಲ್ಲಿ ಸೆಕೆಂಡಿಗೆ 25 ಫ್ರೇಮ್‌ಗಳು (ಬಿಡಿ ಚಿತ್ರಗಳು), ಅಂದರೆ 40 ಮಿಲಿಸೆಕೆಂಡಿಗೆ ಒಂದು. ಫೈಲ್ ನಕಲು ಮಾಡುವಾಗ ಡಿಸ್ಕ್ ತಡಮಾಡಿದರೆ ಕೆಲಸ ನಿಧಾನವಾಗುತ್ತದೆ, ಅಷ್ಟೆ. ವಿಸಿಆರ್ ಮಾತ್ರ ಯಾರಿಗೂ ಕಾಯುವುದಿಲ್ಲ. ಬೀದಿ ನಲ್ಲಿಯಲ್ಲಿ ನೀರು ಬರುತ್ತಿರುವಾಗ ಬಿಂದಿಗೆ ಬದಲಿಸುವಷ್ಟು ಹೊತ್ತಿನಲ್ಲಿ ಚೆಲ್ಲಿದ ನೀರು ಚೆಲ್ಲಿದ್ದೇ. ಬಫರ್ ಎಂಬ ಸಣ್ಣ ಚೊಂಬು ನಡುವೆ ಇರುತ್ತದೆ, ಆದರೆ ಅದೂ ಬೇಗ ತುಂಬಿಬಿಡುತ್ತದೆ. ಹೀಗೆ 50 ಫ್ರೇಮ್ ಬಿದ್ದುಹೋಗಿ ಅವುಗಳ ಜಾಗ ತುಂಬದೆ ಇದ್ದರೆ ಚಿತ್ರ ಎರಡು ಸೆಕೆಂಡು ಮುಂದೆ ಓಡಿರುತ್ತದೆ. ತಾಳಿ ಕಟ್ಟಿ ಮುಗಿದ ಮೇಲೆ ಗಟ್ಟಿಮೇಳ ಕೇಳಿಸುತ್ತದೆ.

ಈ ವಿಷಯದಲ್ಲಿ ಪ್ರೊಸೆಸರಿಗಿಂತ ಹೆಚ್ಚು ಬಾರಿ ತಪ್ಪಿತಸ್ಥ ಡಿಸ್ಕ್. 720×576 ಗಾತ್ರದ ಚಿತ್ರವನ್ನು ಕುಗ್ಗಿಸದೆ, ಅಂದರೆ ಕಂಪ್ರೆಸ್ ಮಾಡದೆ, ಹಿಡಿದರೆ ಸೆಕೆಂಡಿಗೆ ಸುಮಾರು 21 ಮೆಗಾಬೈಟ್, ಗಂಟೆಗೆ 75 ಗಿಗಾಬೈಟ್‌ನಷ್ಟು ಬರೆಯಬೇಕು. ಹಳೆಯ ಹಾರ್ಡ್‌ಡಿಸ್ಕಿಗೂ ಇದು ದೊಡ್ಡ ಹೊರೆಯಲ್ಲ. ಆದರೆ ಅದೇ ಹೊತ್ತಿಗೆ ಇನ್ನೊಂದು ಪ್ರೋಗ್ರಾಂ ಡಿಸ್ಕಿನ ಬೇರೆ ಮೂಲೆಯಿಂದ ಏನನ್ನೋ ಕೇಳಿದರೆ ಓದುವ ಮುಳ್ಳು ಅತ್ತಿಂದಿತ್ತ ಓಡಾಡಬೇಕಾಗುತ್ತದೆ. ಫ್ರೇಮ್ ಬೀಳುವುದು ಆಗಲೇ.

ಯಾರು ಹಾಗೆ ಕೇಳುವವರು? ನನ್ನ ಅನುಭವದಲ್ಲಿ ಮೊದಲ ಆರೋಪಿ ಕ್ಲೌಡ್ ಬ್ಯಾಕಪ್. ಅಕ್ಕನ ಮದುವೆಯ ಕ್ಯಾಸೆಟ್ಟನ್ನು ನಾನು ಡೆಸ್ಕ್‌ಟಾಪಿಗೇ ಇಳಿಸುತ್ತಿದ್ದೆ. ಆ ಫೋಲ್ಡರ್ ತಾನಾಗಿಯೇ ಅಂತರ್ಜಾಲಕ್ಕೆ ಏರುತ್ತಿತ್ತು ಎಂಬುದು ಮೂರನೆಯ ಪ್ರಯತ್ನದವರೆಗೆ ತಲೆಗೆ ಹೊಳೆಯಲಿಲ್ಲ. ಎರಡನೆಯದು ಆಂಟಿವೈರಸ್, ಬೆಳೆಯುತ್ತಿರುವ ಫೈಲನ್ನು ಅದು ಮತ್ತೆ ಮತ್ತೆ ಮೂಸಿ ನೋಡಬಹುದು. ಮೂರನೆಯದು ವಿಂಡೋಸಿನ ಸರ್ಚ್ ಇಂಡೆಕ್ಸರ್, ಹುಡುಕಾಟಕ್ಕೆಂದು ಫೈಲುಗಳ ಪಟ್ಟಿ ಮಾಡಿಡುವಂಥದು. ಇದರದ್ದು ವಿಚಿತ್ರ ಸ್ವಭಾವ: ನೀವು ಕೆಲಸ ಮಾಡುತ್ತಿರುವಾಗ ತಗ್ಗಿ ನಡೆಯುತ್ತದೆ, ಕೀಬೋರ್ಡ್ ಮುಟ್ಟದೆ ಬಿಟ್ಟರೆ ಚುರುಕಾಗುತ್ತದೆ. ಕ್ಯಾಪ್ಚರ್ ಕೆಡದಿರಲೆಂದು ನಾವು ಕೈಕಟ್ಟಿ ಕೂರುತ್ತೇವೆ, ಅದು ತನಗೆ ಬಿಡುವು ಸಿಕ್ಕಿತೆಂದುಕೊಳ್ಳುತ್ತದೆ!

ಆದ್ದರಿಂದ ಒಂದೊಂದನ್ನೇ ಬೇಟೆಯಾಡುವ ಮುನ್ನ ವೈಫೈ ಆರಿಸಿಬಿಡಿ. ಕ್ಲೌಡ್ ಬ್ಯಾಕಪ್, ವಿಂಡೋಸ್ ಅಪ್‌ಡೇಟಿನ ಡೌನ್‌ಲೋಡ್, ವಾಟ್ಸ್ಆ್ಯಪ್ ಎಲ್ಲಕ್ಕೂ ಒಂದೇ ಏಟು. ಬ್ರೌಸರನ್ನು ಪೂರ್ತಿ ಮುಚ್ಚಿ. ಕ್ಯಾಪ್ಚರಿಗೆಂದೇ ಹೊಸ ಫೋಲ್ಡರ್ ಮಾಡಿ, ಆಂಟಿವೈರಸ್‌ನಲ್ಲಿ ಅದೊಂದಕ್ಕೆ ವಿನಾಯಿತಿ ಕೊಡಿ; ಆಂಟಿವೈರಸನ್ನೇ ತೆಗೆದುಹಾಕುವ ಅಗತ್ಯವಿಲ್ಲ. ಸರ್ವಿಸಸ್ ಪಟ್ಟಿಯಲ್ಲಿ ವಿಂಡೋಸ್ ಸರ್ಚನ್ನು ಅಂದಿನ ಮಟ್ಟಿಗೆ ನಿಲ್ಲಿಸಿ. ಲ್ಯಾಪ್‌ಟಾಪ್ ಚಾರ್ಜರಿನಲ್ಲಿರಲಿ, ಸ್ಲೀಪ್ ಆಗದಂತೆ ನೋಡಿಕೊಳ್ಳಿ. ಕ್ಯಾಪ್ಚರ್ ಸಾಧನವನ್ನು ಯುಎಸ್‌ಬಿ ಹಬ್‌ಗೆ ಸಿಕ್ಕಿಸದೆ ನೇರವಾಗಿ ಲ್ಯಾಪ್‌ಟಾಪಿಗೇ ಸಿಕ್ಕಿಸಿ.

ಇಷ್ಟಾದ ಮೇಲೂ ಜಿಗಿತ ಉಳಿದರೆ ಹತ್ತು ನಿಮಿಷ ಕ್ಯಾಪ್ಚರ್ ಓಡಿಸಿ ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ಇಟ್ಟುಕೊಳ್ಳಿ. ಡಿಸ್ಕ್ ಎಂಬ ತಲೆಬರಹ ಒತ್ತಿದರೆ ಹೆಚ್ಚು ಬಳಸುವವರು ಮೇಲಕ್ಕೆ ಬರುತ್ತಾರೆ. ನೀವು ಬಳಸುವ ಕ್ಯಾಪ್ಚರ್ ಪ್ರೋಗ್ರಾಂ ವರ್ಚುಯಲ್‌ಡಬ್ ಆದರೆ ಬಿದ್ದ ಫ್ರೇಮ್‌ಗಳ ಲೆಕ್ಕವನ್ನು ಕ್ಯಾಪ್ಚರ್ ಕಿಟಕಿಯಲ್ಲೇ ತೋರಿಸುತ್ತದೆ, ಒಬಿಎಸ್ ಆದರೆ ಅದರ ಸ್ಟ್ಯಾಟ್ಸ್ ನೋಡಿ. ಆ ಲೆಕ್ಕ ಏರಿದ ಕ್ಷಣದಲ್ಲಿ ಪಟ್ಟಿಯ ತುದಿಯಲ್ಲಿ ಯಾರಿದ್ದಾರೋ ಅವರನ್ನು ಹಿಡಿಯಿರಿ. ಒಬಿಎಸ್ ‘ಎನ್‌ಕೋಡಿಂಗ್ ಲ್ಯಾಗ್’ ಎಂದು ತೋರಿಸಿದರೆ ಮಾತ್ರ ಅದು ಡಿಸ್ಕಿನ ದೂರಲ್ಲ. ಚಿತ್ರವನ್ನು ಕಂಪ್ರೆಸ್ ಮಾಡುವ ಎನ್‌ಕೋಡರಿಗೆ ಸಾಕಷ್ಟು ಬಿಡುವಿಲ್ಲ, ಅದರ ಸೆಟ್ಟಿಂಗ್‌ನಲ್ಲಿ ಹಗುರವಾದ ಪ್ರಿಸೆಟ್ ಆರಿಸಿ.

ಸರ್ವಿಸ್ ಹೋಸ್ಟ್ ಎಂಬ ಹೆಸರಿನವು ಹತ್ತಾರು ಕಂಡರೂ ಅವುಗಳ ಗೋಜಿಗೆ ಹೋಗಬೇಡಿ. ಅವು ವಿಂಡೋಸಿನ ಒಳಗಿನ ಕೆಲಸದವು, ಧ್ವನಿಯ ಸೇವೆಯೂ ಅಂಥದೊಂದರ ಒಳಗೇ ನಡೆಯುತ್ತದೆ. ಕ್ಯಾಪ್ಚರ್ ಪ್ರೋಗ್ರಾಮಿಗೆ ‘ರಿಯಲ್‌ಟೈಮ್’ ಆದ್ಯತೆ ಕೊಡುವ ಸಲಹೆಯೂ ಬೇಡ, ಮೌಸೇ ಅಲುಗದಂತಾಗಬಹುದು. ಕಂಪ್ಯೂಟರನ್ನು ವೇಗಗೊಳಿಸುತ್ತೇವೆನ್ನುವ ಉಚಿತ ಪ್ರೋಗ್ರಾಮುಗಳನ್ನು ನಾನಂತೂ ಹತ್ತಿರ ಸೇರಿಸುವುದಿಲ್ಲ. ಹಿನ್ನೆಲೆಯಲ್ಲಿ ಓಡುವವರ ಪಟ್ಟಿಗೆ ಇನ್ನೊಬ್ಬರು ಸೇರಿದಂತಾಯಿತು, ಅಷ್ಟೆ.

ನಿಜ ಹೇಳಬೇಕೆಂದರೆ, ನಿಮ್ಮ ಲ್ಯಾಪ್‌ಟಾಪ್ ನಿರಪರಾಧಿಯಾಗಿರುವ ಸಾಧ್ಯತೆಯೂ ಇದೆ. ಟೇಪಿನ ಒಂದೇ ಭಾಗವನ್ನು ಎರಡು ಸಲ ಇಳಿಸಿ ನೋಡಿ. ಒಮ್ಮೆ ಧಾರೆಯಲ್ಲಿ, ಇನ್ನೊಮ್ಮೆ ಆರತಕ್ಷತೆಯಲ್ಲಿ ಚಿತ್ರ ಜಿಗಿದರೆ ತಪ್ಪು ಕಂಪ್ಯೂಟರಿನದು. ಎರಡೂ ಸಲ ಸಪ್ತಪದಿಯ ಅದೇ ಹೆಜ್ಜೆಯಲ್ಲಿ ಜಿಗಿದರೆ ತಪ್ಪು ಟೇಪಿನದು. ಸವೆದ ಟೇಪಿನ ಸಂಕೇತ ಕಾಲಕ್ಕೆ ಸರಿಯಾಗಿ ಬರದೆ ಅಲುಗಾಡುತ್ತದೆ, ಕ್ಯಾಪ್ಚರ್ ಸಾಧನ ಅದನ್ನು ಫ್ರೇಮ್ ಎಂದೇ ಒಪ್ಪದೆ ಬಿಟ್ಟುಬಿಡುತ್ತದೆ. ಆಗ ಯಾವ ಪ್ರೊಸೆಸ್ ನಿಲ್ಲಿಸಿಯೂ ಫಲವಿಲ್ಲ. ಟೇಪನ್ನು ಕೊನೆಯವರೆಗೆ ಓಡಿಸಿ ಮತ್ತೆ ಸುತ್ತಿ, ವಿಸಿಆರ್ ಹೆಡ್ ಶುಚಿ ಮಾಡಿಸಿ, ಸಾಧ್ಯವಾದರೆ ಬೇರೆ ವಿಸಿಆರ್‌ನಲ್ಲಿ ಹಾಕಿ ನೋಡಿ. ಅಲುಗಾಟವನ್ನು ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ ಎಂಬ ಉಪಕರಣವಿದೆ. ಒಂದೆರಡು ಕ್ಯಾಸೆಟ್ಟಿಗಾಗಿ ಅದನ್ನು ಕೊಳ್ಳುವ ಬದಲು, ಅದನ್ನು ಇಟ್ಟುಕೊಂಡಿರುವ ಸ್ಟುಡಿಯೊದವರಿಗೇ ಕ್ಯಾಸೆಟ್ ಕೊಡುವುದು ಲೇಸು.